ಅಮ್ಮನ ಕುದುರೆ, ಅಪ್ಪನ ಎಲ್‌ಟಿಸಿ ಫೈಲು

ನಮ್ಮಪ್ಪ ಕೃಷ್ಣಸ್ವಾಮಿ ಮೂವತ್ತೊಂದು ವರ್ಷ ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಬೆವರು ಸುರಿಸಿ ಮಾಡಿದ ಬಿಡಿಭಾಗವನ್ನು ಅಳೆದು, ತಪ್ಪು ಹುಡುಕಿ, ಅದಕ್ಕೊಂದು ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸುವುದು ಅವರ ಉದ್ಯೋಗ. ನಿವೃತ್ತರಾಗಿ ಎಂಟು ವರ್ಷವಾದರೂ ಕೈಯಲ್ಲಿ ಕೆಂಪು ಚೀಟಿ ಇಲ್ಲ ಅನ್ನುವುದೊಂದೇ ವ್ಯತ್ಯಾಸ. ನಮ್ಮ ಬೀದಿಗೆ ಬರುವ ಸೊಪ್ಪಿನ ರಾಮಮ್ಮ ನಮ್ಮ ಗೇಟು ದಾಟುವವರೆಗೂ ಕೂಗುವುದನ್ನೇ ನಿಲ್ಲಿಸುತ್ತಾಳೆ. ಇಡ್ಲಿ ಒಂದು ದಪ್ಪ, ಒಂದು ತೆಳು ಆಯಿತೋ, ಅಪ್ಪ ಎರಡನ್ನೂ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ಅಮ್ಮನ ಕಡೆ ನೋಡುತ್ತಾರೆ. ಏನೂ ಅನ್ನುವುದಿಲ್ಲ. ಅಂದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಅಮ್ಮನ ಹೆಸರು ಅಮ್ಮಣ್ಣಿ. ಆನೇಕಲ್ ಕಡೆಯವಳು. ಆ ನೋಟದ ಎದುರಿಗೆ ಮೂವತ್ತೆಂಟು ವರ್ಷದಿಂದ ಬಡಿಸುತ್ತಿದ್ದಾಳೆ. ನಾನು ಇವರ ಒಬ್ಬಳೇ ಮಗಳು ಸುಕೃತಿ. ಕಾರ್ಖಾನೆಯ ನೌಕರರೆಲ್ಲ ಸೇರಿ ಸೊಸೈಟಿ ಮಾಡಿಕೊಂಡು ಕಟ್ಟಿಸಿದ ಬಡಾವಣೆಯಲ್ಲಿ ನಮ್ಮ ಮನೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾನು ಮತ್ತು ನನ್ನ ಗಂಡ ಆಕರ್ಷ್. ಊಟ ಕೆಳಗೆ, ನಿದ್ದೆ ಮೇಲೆ, ಜಗಳ ಮೆಟ್ಟಿಲ ಮೇಲೆ.

ಅಪ್ಪನಿಗೆ ಜೀವನದಲ್ಲಿ ಒಂದು ಹೆಮ್ಮೆಯಿದೆ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಅರ್ಧವಾಗುವಷ್ಟರಲ್ಲಿ ಅದು ಹೊರಗೆ ಬರುತ್ತದೆ. "ನಾನು ಹೆಂಡ್ತಿಗೆ ಇಡೀ ಇಂಡಿಯಾ ತೋರಿಸಿದೀನಿ ಕಣ್ರೀ." ತೋರಿಸಿದ್ದು ಎಲ್‌ಟಿಸಿಯಲ್ಲಿ. ನೌಕರ ಹೆಂಡತಿ ಮಕ್ಕಳ ಸಮೇತ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗೆ ಹೋದರೂ ರೈಲಿನ ಖರ್ಚು ಕಾರ್ಖಾನೆಯದು. ಆ ನಾಲ್ಕು ವರ್ಷಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕ್ ಮುಗಿಯುವುದರೊಳಗೆ ಹೋಗದಿದ್ದರೆ ಅವಕಾಶ ಲ್ಯಾಪ್ಸ್. ನಮ್ಮ ಮನೆಯಲ್ಲಿ ದೆವ್ವಕ್ಕೆ ಯಾರೂ ಹೆದರಿದ್ದಿಲ್ಲ, ಲ್ಯಾಪ್ಸ್‌ಗೆ ಹೆದರುತ್ತಿದ್ದೆವು. ಹೀಗೆ ಏಳು ಸಲ ದೇಶ ಸುತ್ತಿದೆವು. ಏಳು ಪ್ರವಾಸಕ್ಕೂ ಏಳು ಫೈಲುಗಳಿವೆ, ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳಿಗಿಂತ ಮೇಲಿನ ಅರೆಯಲ್ಲಿ.

ಪ್ರವಾಸದ ಪದ್ಧತಿ ಒಂದೇ. ರೈಲಿಳಿದ ತಕ್ಷಣ ಅಪ್ಪ ಕೈಗಡಿಯಾರ ನೋಡಿಕೊಂಡು, "ಅಮ್ಮಣ್ಣಿ, ನೀನು ಸಾಮಾನ್ ಹತ್ರ ಕೂತಿರು. ನಾವು ಹಿಂಗೋಗಿ ಹಂಗ್ ಬಂದ್ಬಿಡ್ತೀವಿ," ಅನ್ನುತ್ತಿದ್ದರು. ಸಾಮಾನೆಂದರೆ ಎರಡು ಸೂಟ್‌ಕೇಸು, ಹಾಸಿಗೆ ಸುರುಳಿ, ನೀರಿನ ಕ್ಯಾನು, ಅವಲಕ್ಕಿ ಚಕ್ಕುಲಿಯ ಬುಟ್ಟಿ. ಅಪ್ಪನೂ ನಾನೂ ಓಡುತ್ತಾ ಹೋಗಿ, ಓಡುತ್ತಾ ನೋಡಿ, ಓಡುತ್ತಾ ಬರುತ್ತಿದ್ದೆವು. ಅಮ್ಮ ಇಟ್ಟಲ್ಲೇ ಇರುತ್ತಿದ್ದಳು. ನಾವು ನೋಡಿದ್ದನ್ನು ಕೇಳಿಸಿಕೊಂಡು, ಮೊಸರನ್ನ ಕಲೆಸಿ ಕೊಡುತ್ತಿದ್ದಳು.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ಮರಗಟ್ಟಿದ್ದವು. ವ್ಯಾಯಾಮ ಹೇಳಿಕೊಡುವ ಮೇಡಂ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಾ ಹಿಚುಕಿ ಎಂದರು. ಅಮ್ಮ ಎರಡು ದಿನ ಹಿಚುಕಿ, ಮೂರನೆಯ ದಿನ ಚೆಂಡನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟಳು. ಆಗ ಆಕರ್ಷ್ ತನ್ನ ವಿಡಿಯೋ ಗೇಮಿನ ಕಂಟ್ರೋಲರನ್ನು ಅವಳ ಕೈಗಿಟ್ಟ. ದೊಡ್ಡ ಟಿವಿ ಇರುವುದು ಕೆಳಗಿನ ಹಾಲಿನಲ್ಲಾದ್ದರಿಂದ ಅವನ ಆಟದ ಪೆಟ್ಟಿಗೆಯೂ ಅಲ್ಲೇ ಇತ್ತು.

"ಅತ್ತೆ, ಈ ಬಟನ್‌ಗಳನ್ನ ಒತ್ತುತ್ತಾ ಇರಿ. ಬೆರಳಿಗೆ ಒಳ್ಳೇದು."

"ಒತ್ತಿದ್ರೆ ಏನಾಗುತ್ತಪ್ಪಾ?"

"ಕುದುರೆ ಓಡುತ್ತೆ."

ಆಟದೊಳಗೆ ಒಂದು ದೊಡ್ಡ ದೇಶವಿದೆ. ಬೆಟ್ಟ, ನದಿ, ಹಳ್ಳಿ, ಕೋಟೆ, ಎಲ್ಲ ಇದೆ. ಕುದುರೆಯ ಮೇಲಿರುವ ಹುಡುಗಿಯೊಬ್ಬಳು ರಾಜನ ಪತ್ರವನ್ನು ದೂರದ ಕೋಟೆಗೆ ತಲುಪಿಸಬೇಕು, ಅದು ಕಥೆ. ಆದರೆ ತಲುಪಿಸಲೇಬೇಕೆಂದು ಯಾರೂ ಬಲವಂತ ಮಾಡುವುದಿಲ್ಲ. ಹುಡುಗಿ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವ ಬಾಗಿಲನ್ನು ಬೇಕಾದರೂ ತಳ್ಳಬಹುದು. ಮೊದಲ ವಾರ ಅಮ್ಮ ಕುದುರೆಯನ್ನು ಒಂದೇ ಗೋಡೆಗೆ ಹೊಡೆಸುತ್ತಿದ್ದಳು. ಅಪ್ಪನಿಗೆ ಬಹಳ ಸಂತೋಷವಾಗಿ, ಓದುತ್ತಿದ್ದ ಪೇಪರು ಮಡಿಸಿಟ್ಟು ನಕ್ಕರು. ಎರಡನೆಯ ವಾರ ಕುದುರೆ ಗೋಡೆ ಬಿಟ್ಟು ರಸ್ತೆಗೆ ಬಂತು. ಮೂರನೆಯ ವಾರ ರಸ್ತೆಯನ್ನೂ ಬಿಟ್ಟಿತು. ಅಷ್ಟರಲ್ಲಿ ಅಪ್ಪನ ಕುರ್ಚಿ ಕಿಟಕಿಯ ಪಕ್ಕದಿಂದ ಟಿವಿಯ ಮುಂದಕ್ಕೆ ಬಂದಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ದಿನಾ ಸಂಜೆ ನಾಲ್ಕರಿಂದ ಆರರವರೆಗೆ ತಪಾಸಣೆ ಶುರುವಾಯಿತು. ಅಮ್ಮ ಆಡುವುದು, ಅಪ್ಪ ತಪ್ಪು ಹುಡುಕುವುದು.

"ಎಡಕ್ಕೆ ಯಾಕೆ ಹೋಗ್ತೀಯ? ಬಾಣದ ಗುರುತು ನೇರ ತೋರಿಸ್ತಿದೆ."

"ಆ ಕಡೆ ಹೊಗೆ ಕಾಣ್ತಿದೆ ರೀ. ಯಾರದೋ ಮನೆ ಇರ್ಬೇಕು."

"ಯಾರ ಮನೆಯಾದ್ರೆ ನಿನಗೇನು? ರಾಜನ ಪತ್ರ ಕಣೆ ಅದು! ಅರ್ಜೆಂಟು!"

"ಅರ್ಜೆಂಟಿದ್ರೆ ಅವನೇ ಹೋಗ್ಲಿ."

ಅಮ್ಮ ಆ ಮನೆಗೆ ಹೋದಳು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟು, ಒಲೆ ನೋಡಿದಳು, ಮಡಕೆ ನೋಡಿದಳು, ಅಟ್ಟ ಹತ್ತಿ ಅಲ್ಲೇನಿದೆ ಎಂದು ನೋಡಿದಳು. "ಒಲೆ ಉರಿಯೋಕೆ ಬಿಟ್ಟು ಎಲ್ಲಿ ಹೋಗಿದಾರೋ ಪುಣ್ಯಾತ್ಗಿತ್ತೀರು," ಎಂದಳು. ಮರುದಿನ ಒಂದು ಗುಹೆ, ಅದರ ಮರುದಿನ ಪಾಳುಬಿದ್ದ ಒಂದು ಗುಡಿ, ಆಮೇಲೆ ಒಂದು ದನದ ಕೊಟ್ಟಿಗೆ. ಕೊಟ್ಟಿಗೆಯಲ್ಲೇ ಒಂದಿಡೀ ಸಂಜೆ ಕಳೆದಳು. ರಾಜನ ಪತ್ರ ಮೂರು ತಿಂಗಳಾದರೂ ಕುದುರೆಯ ಚೀಲದಲ್ಲೇ ಇತ್ತು.

ಅಪ್ಪ ಸುಮ್ಮನಿರುವ ಪೈಕಿಯಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಆ ದೇಶಕ್ಕೂ ಒಂದು ಟೂರ್ ಪ್ರೋಗ್ರಾಂ ಬರೆದರು. ಸೋಮವಾರ ನದಿ ದಾಟುವುದು, ಮಂಗಳವಾರ ಕೋಟೆ, ಬುಧವಾರ ವಾಪಸ್ಸು. ಅಮ್ಮ ಅದನ್ನು ಗೌರವದಿಂದ ತೆಗೆದುಕೊಂಡು ಕಾಫಿ ಲೋಟದ ಕೆಳಗೆ ಇಟ್ಟುಕೊಂಡಳು. ಒಂದು ದಿನ ಅವಳು ದೇವಸ್ಥಾನಕ್ಕೆ ಹೋಗಿದ್ದಾಗ ಅಪ್ಪನೇ ಕಂಟ್ರೋಲರ್ ಹಿಡಿದು, ಪತ್ರ ಹೇಗೆ ತಲುಪಿಸಬೇಕೆಂದು ತೋರಿಸಿಕೊಡಲು ಹೊರಟರು. ಬಾಣದ ಗುರುತು ಹಿಡಿದು ನೆಟ್ಟಗೆ ಹೋದರು. ನಾಲ್ಕನೆಯ ನಿಮಿಷಕ್ಕೆ ದರೋಡೆಕೋರರು ಅಡ್ಡ ಬಂದು ಹುಡುಗಿಯನ್ನು ಕೊಂದುಹಾಕಿದರು. ಐದು ಸಲ ಹೋದರು, ಐದು ಸಲವೂ ಸತ್ತರು.

"ಡಿಸೈನೇ ಸರಿ ಇಲ್ಲ ಇದು," ಎಂದು ಎದ್ದರು.

"ಹೌದು ಮಾವ, ಕಂಪನಿಗೆ ಬರೆದು ಹಾಕೋಣ," ಎಂದ ಆಕರ್ಷ್, ಮುಖ ಗೋಡೆಯ ಕಡೆ ತಿರುಗಿಸಿಕೊಂಡು.

ನಾನೂ ಇದನ್ನೆಲ್ಲ ನೋಡಿ ಹೊಟ್ಟೆ ತುಂಬ ನಗುತ್ತಿದ್ದೆ. ಅಪ್ಪನನ್ನು ಆಡಿಕೊಳ್ಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಅಮ್ಮನ ಪರ ನಿಲ್ಲಲು ಈ ಮನೆಯಲ್ಲಿ ನಾನೊಬ್ಬಳಾದರೂ ಇದ್ದೇನಲ್ಲ ಎಂದು ನನ್ನ ಬಗ್ಗೆ ನನಗೇ ಒಂದು ಅಭಿಮಾನವೂ ಇತ್ತು.

ಹೀಗಿರುವಾಗ ಒಂದು ಭಾನುವಾರ ರುದ್ರೇಶ್ ಅಂಕಲ್ ಬಂದರು. ಅವರು ಅಪ್ಪನ ಹಳೆಯ ಸಹೋದ್ಯೋಗಿ, ಈಗ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ. ಸಂಘದ ವಾರ್ಷಿಕೋತ್ಸವದಲ್ಲಿ ಈ ಸಲ ಒಂದು ಜೋಡಿಗೆ ಸನ್ಮಾನವಂತೆ. ಅತಿ ಹೆಚ್ಚು ದೇಶ ಸುತ್ತಿದ ದಂಪತಿಗಳು ಎಂದು ಬಿರುದು, ಶಾಲು, ಮೈಸೂರು ಪೇಟ.

"ನಿಮ್ಮ ಹೆಸರೇ ಬಂದಿದೆ ಕೃಷ್ಣಸ್ವಾಮಿ. ಸಂಘದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ, ಅಷ್ಟೇ."

ಅಪ್ಪ ಆ ಕ್ಷಣದಿಂದಲೇ ತಲೆಯನ್ನು ಸ್ವಲ್ಪ ಎತ್ತಿ ಹಿಡಿಯತೊಡಗಿದರು, ಪೇಟ ಜಾರೀತು ಅನ್ನುವ ಹಾಗೆ. ಫೈಲು ಕೂಡ ತೆಗೆಯಲಿಲ್ಲ. ಎಲ್ಲ ಬಾಯಲ್ಲೇ ಇದೆ ಎಂದು ಎರಡು ದಿನದಲ್ಲಿ ಹನ್ನೊಂದು ಪುಟ ಬರೆದು ಕಳಿಸಿದರು. ಮೂರನೆಯ ದಿನ ರುದ್ರೇಶ್ ಅಂಕಲ್ ಫೋನು ಮಾಡಿದರು.

"ಸ್ವಾಮಿ, ಇದರಲ್ಲಿ ಯಾವ ರೈಲು ಎಷ್ಟು ನಿಮಿಷ ಲೇಟು ಅಂತಿದೆ. ದೇಶ ಎಲ್ಲಿದೆ? ದಂಪತಿ ಸನ್ಮಾನ ಕಣ್ರೀ. ಅತ್ತಿಗೆಯವರಿಗೆ ಏನನ್ನಿಸ್ತು ಅಂತ ಅವರ ಬಾಯಿಂದ ನಾಲ್ಕು ಮಾತು ಹಾಕಿ. ಗುರುವಾರದೊಳಗೆ ಬೇಕು. ಇಲ್ದಿದ್ರೆ ಕಮಿಟಿಯೋರು ಪಾಪಯ್ಯನ ಜೋಡೀಗೆ ಕೊಡೋಣ ಅಂತಿದಾರೆ."

ಪಾಪಯ್ಯ ಎಂದರೆ ಪೇಂಟ್ ಶಾಪಿನಲ್ಲಿದ್ದವರು. ಅಪ್ಪ ಅವರ ಕೆಲಸಕ್ಕೆ ಕಟ್ಟಿದಷ್ಟು ಕೆಂಪು ಚೀಟಿ ಬೇರೆ ಯಾರ ಕೆಲಸಕ್ಕೂ ಕಟ್ಟಿಲ್ಲ. ಆತ ಪೇಟ ಸುತ್ತಿಕೊಂಡು ವೇದಿಕೆಯ ಮೇಲೆ ಕೂತು, ತಾವು ಕೆಳಗೆ ಕೂತು ಚಪ್ಪಾಳೆ ತಟ್ಟುವುದನ್ನು ಅಪ್ಪ ಊಹಿಸಿಕೊಂಡಿರಬೇಕು. ಮುಖ ಹುಳ್ಳಗಾಯಿತು. ಬುಧವಾರ ಸಂಜೆಯೊಳಗೆ ಅಮ್ಮನ ಬಾಯಿಂದ ನಾಲ್ಕು ಮಾತು ತೆಗೆಯಲೇಬೇಕು ಎಂದು ಪೆನ್ನು ಹಿಡಿದು ಅವಳ ಪಕ್ಕ ಕೂತರು. ಅಮ್ಮ ಆಗ ಕುದುರೆಗೆ ನೀರು ಕುಡಿಸುತ್ತಿದ್ದಳು.

"ಅಮ್ಮಣ್ಣಿ, ಆಗ್ರಾ ಬಗ್ಗೆ ಹೇಳು. ಏನು ನೆನಪಿದೆ?"

"ಬೇವಿನ ಮರ ಇತ್ತು. ಒಬ್ಳು ಹೆಂಗಸು ಮಗಳಿಗೆ ತಲೆ ಬಾಚ್ತಿದ್ಲು, ಮಗು ಒಂದೇ ಸಮ ಅಳ್ತಿತ್ತು. ಕೊನೆಗೆ ನಾನೇ ಜಡೆ ಹಾಕ್ದೆ."

"ಅದಲ್ವೇ. ತಾಜ್ ಮಹಲ್ ಬಗ್ಗೆ."

"ಅದು ಗೋಡೆ ಆಚೆ ಇತ್ತಲ್ಲ."

ಅಪ್ಪ ಒಂದು ನಿಮಿಷ ಯೋಚಿಸಿ, 'ತಾಜ್ ಮಹಲನ್ನು ಕಂಡು ನನ್ನ ಶ್ರೀಮತಿಯವರು ಮೂಕವಿಸ್ಮಿತರಾದರು' ಎಂದು ಬರೆದುಕೊಂಡರು. ಕನ್ಯಾಕುಮಾರಿ ಕೇಳಿದರು. ಅಲ್ಲಿಯ ಬಸ್ ನಿಲ್ದಾಣದಲ್ಲಿ ಒಂದು ಕುಂಟ ನಾಯಿ ಚಕ್ಕುಲಿ ಬುಟ್ಟಿಯ ಸುತ್ತ ಸುಳಿದಾಡಿದ್ದು ಅಮ್ಮನಿಗೆ ನೆನಪಿತ್ತು. 'ಮೂರು ಸಾಗರಗಳ ಸಂಗಮದಲ್ಲಿ ಶ್ರೀಮತಿಯವರು ಮೈಮರೆತರು' ಎಂದು ಬರೆದುಕೊಂಡರು. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಅಮ್ಮನ್ನ ನೀವು ಎಲ್ಲೂ ಒಳಗೆ ಕರ್ಕೊಂಡು ಹೋಗೇ ಇಲ್ಲ. ಏಳು ಸಲವೂ ಸಾಮಾನು ಕಾಯೋಕೆ ಕೂರಿಸಿದ್ರಿ. ಯಾವ ಮುಖ ಇಟ್ಕೊಂಡು ಇದನ್ನ ಬರೀತಿದೀರಿ?"

ಅಪ್ಪನಿಗೆ ಸಿಟ್ಟು ಬಂತು. "ಏನು ಮಾತಾಡ್ತೀಯ ನೀನು? ಸಾಮಾನು ಕಳ್ದಿದ್ರೆ ನಿಂಗೆ ಅನ್ನ ಯಾರು ಹಾಕ್ತಿದ್ರು? ಅದೂ ಅಲ್ದೆ ದಾರ್ಜಿಲಿಂಗ್ ನೋಡಿದಾಳಲ್ಲ! ಅಲ್ಲಿ ಬೆಟ್ಟ ನೋಡೋಕೆ ಯಾವ ಗೇಟು ದಾಟ್ಬೇಕು? ಸ್ಟೇಷನ್ ಬೆಂಚಿನ ಮೇಲೆ ಕೂತ್ರೆ ಎದುರಿಗೇ ಹಿಮ. ನೀನೂ ನಾನೂ ಪುಟ್ಟ ರೈಲಲ್ಲಿ ಹೋಗಿ ಬರೋವರ್ಗೂ ಇವ್ಳು ಅದನ್ನೇ ನೋಡ್ತಾ ಕೂತಿದ್ಲು. ನೆನಪಿಲ್ವಾ?"

ಅದು ನಿಜ. ನನಗೂ ನೆನಪಿತ್ತು. ಆಗ ನನಗೆ ಎಂಟು ವರ್ಷ. ಹಳದಿ ಬೋರ್ಡಿನ ಕೆಳಗೆ ಹಾಸಿಗೆ ಸುರುಳಿಗೆ ಒರಗಿಕೊಂಡು, ಕಂದು ಶಾಲು ಹೊದ್ದು ಅಮ್ಮ ಕೂತಿದ್ದಳು. ಚಳಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ನಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ನಕ್ಕ ಚಿತ್ರ ಅದು. "ಹೌದು, ದಾರ್ಜಿಲಿಂಗ್ ಒಂದು ನೋಡಿದಾಳೆ, ಒಪ್ದೆ," ಎಂದೆ. ಅಮ್ಮ ಹುಡುಗಿಯನ್ನು ಮತ್ತೆ ಕುದುರೆ ಹತ್ತಿಸಿದಳು.

ಮರುದಿನ, ಬುಧವಾರ, ನಾನು ಆಫೀಸಿನಿಂದ ಬೇಗ ಬಂದಿದ್ದೆ. ಅಮ್ಮನ ಕುದುರೆ ಹೊಸದೊಂದು ಕಣಿವೆಯನ್ನು ಹತ್ತುತ್ತಿತ್ತು. ಅಪ್ಪ ಎಂದಿನಂತೆ ಪಕ್ಕದಲ್ಲಿ. ಲೇಖನದ ಕೊನೆಯ ಪುಟ ಮೊಣಕಾಲ ಮೇಲೆ. ತಿರುವು ದಾಟಿದ ಕೂಡಲೆ ಪರದೆಯ ತುಂಬ ಹಿಮದ ಬೆಟ್ಟಗಳು ಎದ್ದು ನಿಂತವು. ಬೆಳ್ಳಗೆ, ಸಾಲಾಗಿ, ತುದಿಗೆ ಬಿಸಿಲು ಬಿದ್ದು. ಅಮ್ಮ ಬಟನ್ ಒತ್ತುವುದನ್ನು ನಿಲ್ಲಿಸಿದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು.

"ನೋಡು, ನೋಡು!" ಎಂದರು ಅಪ್ಪ. "ಥೇಟ್ ದಾರ್ಜಿಲಿಂಗ್! ಈಗ ಹೇಳು, ಅವತ್ತು ನೋಡಿದಾಗ ಏನನ್ನಿಸ್ತು ನಿಂಗೆ?"

"ನಾನು ಹಿಮದ ಬೆಟ್ಟ ನೋಡ್ತಿರೋದು ಇದೇ ಮೊದ್ಲು."

"ದಾರ್ಜಿಲಿಂಗಲ್ಲಿ?"

"ದಾರ್ಜಿಲಿಂಗಿಗೆ ನಾನು ಬಂದಿರ್ಲಿಲ್ಲ."

ಅಪ್ಪ ನಕ್ಕರು. "ಮರೆವು ಶುರುವಾಯ್ತು ಇವ್ಳಿಗೆ."

"ನಮ್ಮಮ್ಮ ಸೊಂಟ ಮುರ್ಕೊಂಡಿದ್ರು. ನಾನು ಆನೇಕಲ್‌ನಲ್ಲಿ ಅವರ ಹತ್ರ ಇದ್ದೆ. ಡಿಸೆಂಬರ್‌ಗೆ ಬ್ಲಾಕ್ ಮುಗಿಯುತ್ತೆ, ಲ್ಯಾಪ್ಸ್ ಆಗುತ್ತೆ ಅಂತ ನೀವು ಮಗೂನ ಕರ್ಕೊಂಡು ಹೋದ್ರಿ."

ಅಪ್ಪ ನನ್ನ ಕಡೆ ನೋಡಿದರು. ನಾನು ಅಪ್ಪನ ಪರ ಮಾತಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಇಲ್ಲಮ್ಮ, ನೀನು ಬಂದಿದ್ದೆ. ನಂಗೆ ಚೆನ್ನಾಗಿ ನೆನಪಿದೆ. ಸ್ಟೇಷನ್ನಲ್ಲಿ ಕಂದು ಶಾಲು ಹೊದ್ಕೊಂಡು ಕೂತಿದ್ದೆ."

"ಆ ಶಾಲು ನಾನು ನಿಂಗೆ ಹೊದಿಸಿ ಕಳ್ಸಿದ್ದು ಕಣೆ," ಎಂದಳು ಅಮ್ಮ.

ಅಪ್ಪ ಇನ್ನೂ ಸೋತಿರಲಿಲ್ಲ. ಎದ್ದು ನಿಂತು, ಜೀವಮಾನದಲ್ಲಿ ಎಷ್ಟೋ ಬಿಡಿಭಾಗಗಳನ್ನು ತಿರಸ್ಕರಿಸಿದ ಬೆರಳನ್ನು ಎತ್ತಿ, ಇದಕ್ಕೇನು ಹೇಳುತ್ತೀಯ ಎನ್ನುವ ದನಿಯಲ್ಲಿ ಕೇಳಿದರು.

"ನೀನು ಬಂದಿರ್ಲಿಲ್ಲ ಅಂದ್ರೆ ಸಾಮಾನು ಯಾರು ನೋಡ್ಕೊಂಡ್ರು?"

ಟಿವಿಯೊಳಗೆ ಕುದುರೆ ಬಾಲ ಅಲ್ಲಾಡಿಸುತ್ತಿತ್ತು.

"ಅದನ್ನ ನೀವೇ ಹೇಳ್ಬೇಕು," ಎಂದಳು ಅಮ್ಮ.

ಅಪ್ಪ ಧಡಧಡನೆ ಒಳಗೆ ಹೋಗಿ ಬೀರುವಿನಿಂದ ಮೂರನೆಯ ಫೈಲು ತಂದರು. ದಾರ ಬಿಚ್ಚಿದರು. ನಾನೂ ಬಗ್ಗಿ ನೋಡಿದೆ. ಮೊದಲು ಎರಡು ಟಿಕೆಟ್ಟು. ಅದರ ಹಿಂದೆ ಪಿನ್ನು ಹೊಡೆದಿಟ್ಟ, ರದ್ದಾದ ಇನ್ನೊಂದು ಟಿಕೆಟ್ಟಿನ ಚೀಟಿ. ಅದರ ಕೆಳಗೆ ಅಪ್ಪನ ಗುಂಡಗಿನ ಅಕ್ಷರದಲ್ಲಿ: 'ಪತ್ನಿ ಪ್ರಯಾಣ ಮಾಡಿಲ್ಲ. ಅವರ ಬಾಬ್ತು ಕ್ಲೇಮ್ ಮಾಡಿಲ್ಲ.' ಸಹಿ, ತಾರೀಖು. ಮುಂದಿನ ಹಾಳೆಯಲ್ಲಿ ದಾರ್ಜಿಲಿಂಗ್ ಸ್ಟೇಷನ್ನಿನ ಕ್ಲೋಕ್ ರೂಮಿನ ರಸೀದಿ, ಮೂರು ಸಾಮಾನಿಗೆ. ಉಳಿದ ಆರು ಪ್ರವಾಸಗಳ ಫೈಲುಗಳಲ್ಲಿ ಅಂಥ ರಸೀದಿ ಒಂದೂ ಇಲ್ಲ. ಆಮೇಲೆ ನಾನೇ ಕೂತು ಹುಡುಕಿದ್ದೇನೆ.

ಅಪ್ಪ ಪ್ರಾಮಾಣಿಕ ಮನುಷ್ಯ. ಬಾರದ ಹೆಂಡತಿಯ ಹೆಸರಿನಲ್ಲಿ ಕಾರ್ಖಾನೆಯಿಂದ ಏನನ್ನೂ ತೆಗೆದುಕೊಂಡವರಲ್ಲ. ಅವಳು ಬರಲಿಲ್ಲ ಅನ್ನುವುದನ್ನು ಕಾರ್ಖಾನೆಗೆ ಸರಿಯಾಗಿ ತಿಳಿಸಿ, ಸಹಿ ಹಾಕಿ, ಆಮೇಲೆ ಮರೆತಿದ್ದರು. ಆ ಚೀಟಿಯನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. ಅಳತೆಯಲ್ಲಿ ಎಲ್ಲೂ ತಪ್ಪಿರಲಿಲ್ಲ.

"ಯಾಕಮ್ಮ ಇಷ್ಟು ವರ್ಷ ಹೇಳ್ಲಿಲ್ಲ?" ಎಂದೆ ನಾನು. "ನಾವು ದಾರ್ಜಿಲಿಂಗ್ ಮಾತು ತೆಗೆದಾಗೆಲ್ಲ ನೀನೂ ಇಲ್ಲೇ ಕೂತಿರ್ತಿದ್ದೆ."

"ಮೊದಲ್ನೇ ಸಲ 'ಅಮ್ಮ ಬೆಂಚಿನ ಮೇಲೆ ಕೂತಿದ್ಲು' ಅಂದಾಗ ತಮಾಷೆ ಮಾಡ್ತಿದೀರ ಅನ್ಕೊಂಡೆ. ಎರಡನೇ ಸಲ ಅಳು ಬಂತು. ಒಳಗೆ ಹೋಗಿ ಅತ್ತೆ. ಆಮೇಲೆ ಅಭ್ಯಾಸ ಆಗೋಯ್ತು." ಅಮ್ಮನ ದನಿಯಲ್ಲಿ ಕೋಪವೂ ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಬಂದಿದ್ರೂ ಅಲ್ಲೇ ತಾನೇ ಕೂತಿರ್ತಿದ್ದೆ."

ಅಪ್ಪ ಫೈಲಿಗೆ ದಾರ ಕಟ್ಟಿದರು. ಎರಡು ಸಲ ಗಂಟು ಜಾರಿತು. ಆಮೇಲೆ ಫೋನು ತೆಗೆದುಕೊಂಡು, ನಮ್ಮಿಬ್ಬರ ಎದುರಿಗೇ ರುದ್ರೇಶ್ ಅಂಕಲ್‌ಗೆ ಮಾಡಿದರು. ಫೋನು ಯಾವಾಗಲೂ ಸ್ಪೀಕರಿನಲ್ಲಿಟ್ಟೇ ಮಾತಾಡುವವರು.

"ರುದ್ರೇಶ್, ಪಾಪಯ್ಯನ ಜೋಡೀಗೇ ಸನ್ಮಾನ ಮಾಡಿ. ನನ್ನ ಲೇಖನದಲ್ಲಿ ಒಂದು ತಪ್ಪಿದೆ."

"ಅಯ್ಯೋ, ಒಂದು ತಪ್ಪಿಗೆಲ್ಲ ಯಾರಾದ್ರೂ ಬಿಡ್ತಾರಾ? ಕಳ್ಸಿ, ತಿದ್ದಿ ಹಾಕೋಣ."

"ಇಲ್ಲ," ಎಂದರು ಅಪ್ಪ. "ತಿದ್ದೋಕೆ ಬರಲ್ಲ ಅದು."

ಫೋನಿಟ್ಟು ಕುರ್ಚಿಯಲ್ಲಿ ಕೂತರು. ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಇಷ್ಟು ದಿನ ಅವರನ್ನು ಆಡಿಕೊಂಡು ನಕ್ಕ ನನಗೆ ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಎದ್ದು ಅಮ್ಮನ ಮುಂದೆ ಹೋಗಿ ನಿಂತೆ. ತಪ್ಪಾಯಿತು ಎನ್ನಬೇಕೆಂದಿದ್ದೆ, ಅವಳ ಕೈ ಹಿಡಿಯಬೇಕೆಂದಿದ್ದೆ. ಆ ಕೈಯಲ್ಲಿ ಕಂಟ್ರೋಲರ್ ಇತ್ತು. ಅವಳು ನನ್ನ ಭುಜದ ಆಚೆ ಇಣುಕಿ ನೋಡಲು ಪ್ರಯತ್ನಿಸುತ್ತಿದ್ದಳು.

"ಸ್ವಲ್ಪ ಪಕ್ಕಕ್ಕೆ ಬಾ ಸುಕೃತಿ," ಎಂದಳು. "ಬೆಟ್ಟ ಕಾಣ್ತಿಲ್ಲ."